ಸೆಕೆಂಡ್ ಹ್ಯಾಂಡ್ ಟರ್ಬೊ ಹ್ಯಾಚ್‌ಬ್ಯಾಕ್: ಬಿಸಿ ಏನು ಮಾಡಿದೆ, ತೇವ ಏನು ಮಾಡಿದೆ

ಫೋಕ್ಸ್‌ವ್ಯಾಗನ್ ಪೋಲೊ ಜಿಟಿ, ಫಿಯೆಟ್ ಪುಂಟೊ ಅಬಾರ್ತ್, ಮಾರುತಿ ಬಲೆನೊ ಆರ್‌ಎಸ್, ಟಾಟಾ ಟಿಯಾಗೊ ಜೆಟಿಪಿ, ಫೋರ್ಡ್ ಫಿಗೊ ಡೀಸೆಲ್. ಗಾಡಿ ಓಡಿಸುವ ಖುಷಿಗೆಂದೇ ಸಣ್ಣ ಕಾರು ಹುಡುಕುವವರ ಬಾಯಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳಿವು. ಇವುಗಳಲ್ಲಿ ಒಂದನ್ನೂ ಇವತ್ತು ಶೋರೂಮಿಗೆ ಹೋಗಿ ತರಲಾಗುವುದಿಲ್ಲ. ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರಲ್ಲಿ ಹೇಳಿತು. ಪೋಲೊ 2022ರಲ್ಲಿ ನಿಂತಿತು. ಬಲೆನೊ ಆರ್‌ಎಸ್, ಜೆಟಿಪಿ ಎರಡೂ 2020ರ ಬಿಎಸ್6 ಎಂಬ ಹೊಗೆ ಮಿತಿಯ ನಿಯಮ ಬರುವ ಹೊತ್ತಿಗೆ ಮುಗಿದಿದ್ದವು. ಫಿಯೆಟ್ ಅದಕ್ಕೂ ಮೊದಲೇ ಅಂಗಡಿ ಮುಚ್ಚಿತ್ತು. ಈಚಿನ ಐ20 ಎನ್ ಲೈನ್, ಆಲ್ಟ್ರೋಜ್ ಟರ್ಬೊ ಕೂಡ ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರತೊಡಗಿವೆ. ಹಾಗಾಗಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಯಾರಿಗೇ ಆಗಲಿ ಇಂಥ ಕಾರು ಬೇಕೆಂದರೆ ಹೆಚ್ಚಿನಂಶ ಇನ್ನೊಬ್ಬರು ಓಡಿಸಿದ್ದನ್ನೇ ಕೊಳ್ಳಬೇಕು.

ಕೊಳ್ಳಬಾರದು ಎಂದು ನಾನು ಹೇಳುವುದಿಲ್ಲ. ನಮ್ಮ ರಸ್ತೆಗಳಿಗೆ ಇವು ಹೇಳಿ ಮಾಡಿಸಿದ ಗಾಡಿಗಳು. ಮಂಡಗದ್ದೆಯ ತಿರುವುಗಳಲ್ಲಿ, ಏರಿನಲ್ಲಿ ಮುಂದೆ ಲಾರಿ ಸಿಕ್ಕಾಗ, ಮೂರನೇ ಗೇರಿನಲ್ಲೇ ಎಳೆದುಕೊಂಡು ಹೋಗುವ 175 ನ್ಯೂಟನ್ ಮೀಟರ್ ಟಾರ್ಕ್ ಏನೆಂಬುದು ಓಡಿಸಿದವರಿಗೇ ಗೊತ್ತು. ಆದರೆ ಸಾಮಾನ್ಯ ಕಾರನ್ನು ನೋಡುವ ಹಾಗೆ ಇವನ್ನು ನೋಡಿದರೆ ಮೋಸ ಹೋಗುತ್ತೀರಿ. ಸಾಮಾನ್ಯ ಕಾರಿಗೆ ಎಷ್ಟು ಕಿಲೋಮೀಟರ್ ಓಡಿದೆ, ಆಕ್ಸಿಡೆಂಟ್ ಆಗಿದೆಯೇ ಎಂದು ಕೇಳಿದರೆ ಮುಕ್ಕಾಲು ಉತ್ತರ ಸಿಕ್ಕಿತು. ಇಲ್ಲಿ ಕೇಳಬೇಕಾದ್ದು ಬೇರೆ. ಈ ಕಾರು ಎಷ್ಟು ಬಿಸಿ ತಿಂದಿದೆ, ಎಷ್ಟು ತೇವ ಕುಡಿದಿದೆ? ವೇಗ ಕೊಡುವ ಪ್ರತಿಯೊಂದು ಭಾಗವೂ, ಅಂದರೆ ಟರ್ಬೊ, ಕ್ಲಚ್, ಗೇರ್‌ಬಾಕ್ಸ್, ಬ್ರೇಕ್, ಬಿಸಿಯಿಂದಲೇ ಸಾಯುತ್ತದೆ. ಉಳಿದದ್ದನ್ನು ನಮ್ಮ ಮಳೆಗಾಲ ನೋಡಿಕೊಳ್ಳುತ್ತದೆ.

ಟರ್ಬೊ ಎಂಬ ಪುಟ್ಟ ಚಕ್ರ

ಪೋಲೊ ಜಿಟಿಯ 1.2 ಲೀಟರಿನ ಪುಟ್ಟ ಎಂಜಿನ್ 105 ಪಿಎಸ್ ಶಕ್ತಿ ಕೊಡುವುದು ಹೇಗೆ? ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಕುಲುಮೆಗೆ ತಿದಿ ಒತ್ತಿದ ಹಾಗೆ, ಗಾಳಿ ಹೆಚ್ಚಾದಷ್ಟೂ ಉರಿ ಹೆಚ್ಚು. ಈ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ದಾಟಿ ತಿರುಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಅದರ ಮೇಲೆ ಹಾಯುವ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಆ ಅಚ್ಚನ್ನು ಹಿಡಿದಿರುವುದು ತೆಳ್ಳನೆಯ ಆಯಿಲ್ ಪದರ ಮಾತ್ರ.

ಈಗ ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಯೋಚಿಸಿ. ಎರಡನೇ ಗೇರು, ಆರ್‌ಪಿಎಂ ಮೇಲೆ, ಗಾಡಿಯ ವೇಗ ಕಡಿಮೆಯಾದ್ದರಿಂದ ರೇಡಿಯೇಟರಿಗೆ ಎದುರು ಗಾಳಿಯೂ ಕಡಿಮೆ. ಮೇಲೆ ಬಂದು ವ್ಯೂ ಪಾಯಿಂಟ್ ಹತ್ತಿರ ಗಾಡಿ ನಿಲ್ಲಿಸಿ ತಟ್ಟನೆ ಕೀ ತಿರುಗಿಸಿದರೆ ಆಯಿಲ್ ಪಂಪು ನಿಲ್ಲುತ್ತದೆ. ಕೆಂಪಗೆ ಕಾದ ಟರ್ಬೊದೊಳಗೆ ನಿಂತ ಆಯಿಲ್ ಸುಟ್ಟು ಕರಕಲಾಗಿ ಅಚ್ಚಿಗೆ ಅಂಟಿಕೊಳ್ಳುತ್ತದೆ. ಒಂದು ಸಲಕ್ಕೆ ಏನೂ ಆಗದು. ವರ್ಷಗಟ್ಟಲೆ ಹೀಗೇ ನಡೆದರೆ ಬೇರಿಂಗ್ ಸವೆದು ಟರ್ಬೊ ಆಯಿಲ್ ಬಿಡತೊಡಗುತ್ತದೆ. ಎಂಜಿನ್ ನಿಂತ ಮೇಲೂ ನೀರು ಹರಿಸುವ ಪಂಪು ಕೆಲವು ಕಾರುಗಳಲ್ಲಿ ಇರುತ್ತದೆ. ಅದಿದ್ದರೂ ಈ ಅಭ್ಯಾಸ ಒಳ್ಳೆಯದಲ್ಲ.

ಮಾರುವವರನ್ನು ಮಾತಿಗೆಳೆದು ಕೇಳಬೇಕಾದ ಒಂದು ಪ್ರಶ್ನೆ ಇಲ್ಲೇ ಇದೆ: 'ಘಾಟಿ ಹತ್ತಿ ಬಂದ ಮೇಲೆ ಗಾಡಿ ಹೇಗೆ ಆಫ್ ಮಾಡ್ತೀರಿ?' ಕೊನೆಯ ಒಂದೆರಡು ಕಿಲೋಮೀಟರ್ ನಿಧಾನ ಬರ್ತೀನಿ, ಇಲ್ಲಾಂದ್ರೆ ಒಂದು ನಿಮಿಷ ಐಡಲ್ ಬಿಡ್ತೀನಿ ಎಂದು ಯೋಚಿಸದೆ ಹೇಳಿದವರು ಗಾಡಿಯನ್ನು ಅರ್ಥ ಮಾಡಿಕೊಂಡವರು. 'ಅದೆಂತ ಮಾರಾಯ್ರೆ, ಆಫ್ ಮಾಡಿದ್ರೆ ಆಫ್' ಎಂದರೆ ಅದೂ ಉತ್ತರವೇ. ಎಷ್ಟು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸುತ್ತಿದ್ದಿರಿ ಎಂಬುದು ಎರಡನೇ ಪ್ರಶ್ನೆ. ಫೋಕ್ಸ್‌ವ್ಯಾಗನ್ ಹೇಳಿದ್ದು ವರ್ಷಕ್ಕೊಮ್ಮೆ ಇಲ್ಲವೇ ಹದಿನೈದು ಸಾವಿರಕ್ಕೆ. ಟರ್ಬೊ ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಂಡವರು ಏಳೆಂಟು ಸಾವಿರಕ್ಕೇ ಬದಲಿಸಿರುತ್ತಾರೆ. ಬಿಲ್ಲು ತೋರಿಸುತ್ತಾರೆ, ಯಾವ ಗ್ರೇಡಿನ ಆಯಿಲ್ ಎಂಬುದೂ ಬಾಯಿಗೆ ಬರುತ್ತದೆ. ಬಿಲ್ಲು ಇಲ್ಲದ 'ಪಕ್ಕಾ ಮೇಂಟೇನ್ ಮಾಡಿದೀವಿ' ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಗಾಡಿ ನೋಡಲು ಹೋಗುವುದಾದರೆ ಬೆಳಿಗ್ಗೆ ಹೋಗಿ, ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಫೋನಿನಲ್ಲಿ ಹೇಳಿಡಿ. ಹೋದ ಕೂಡಲೇ ಬೋನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿದ್ದಾರೆ, ಯಾಕೆಂದು ಕೇಳಿ. ತಣ್ಣಗಿರುವ ಎಂಜಿನ್ ಮಾತ್ರ ನಿಜ ಹೇಳುತ್ತದೆ. ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ ಮುಂದುಗಡೆಯಿಂದ ಗರಗರ ಎಂದು ಚೈನಿನ ಸದ್ದು ಬಂದು ನಿಂತಿತೇ, ಐಡಲ್ ಏರಿಳಿಯುತ್ತಿದೆಯೇ, ಹಿಂದೆ ಯಾವ ಬಣ್ಣದ ಹೊಗೆ ಬಂತು? ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಗುರುತು. ಬೆಳಗಿನ ಚಳಿಯಲ್ಲಿ ಸ್ವಲ್ಪ ಬಿಳಿ ಆವಿ ಸಹಜ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ, ಆ ಗಾಡಿ ಬಿಟ್ಟುಬಿಡಿ. ಒಪ್ಪಿದರೆ ಟರ್ಬೊದಿಂದ ಇಂಟರ್‌ಕೂಲರಿಗೆ, ಅಂದರೆ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಭಾಗಕ್ಕೆ, ಹೋಗುವ ಪೈಪಿನ ಒಂದು ತುದಿ ಬಿಚ್ಚಿಸಿ, ಒಳಗೆ ಬೆರಳಾಡಿಸಿ. ತೆಳ್ಳಗೆ ಆಯಿಲ್ ಪಸೆ ಇದ್ದರೆ ಚಿಂತೆಯಿಲ್ಲ, ಎಲ್ಲ ಟರ್ಬೊ ಗಾಡಿಯಲ್ಲೂ ಇರುತ್ತದೆ. ಬೆರಳಿನಿಂದ ತೊಟ್ಟಿಕ್ಕುವಷ್ಟಿದ್ದರೆ ಟರ್ಬೊ ಸೀಲ್ ಹೋಗುವ ಹಾದಿಯಲ್ಲಿದೆ.

ಪುಂಟೊ ಅಬಾರ್ತ್ ಕೊಳ್ಳುವವರಿಗೆ ಒಂದು ಮಾತು ಹೆಚ್ಚಿಗೆ. ಅದರ 1.4 ಟಿ-ಜೆಟ್ ಎಂಜಿನ್ನಿಗೆ ಇರುವುದು ಟೈಮಿಂಗ್ ಬೆಲ್ಟ್, ಅಂದರೆ ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಹೊಂದಿಸುವ ರಬ್ಬರ್ ಪಟ್ಟಿ. ಬೆಲ್ಟ್ ಓಡಿ ಸವೆಯುತ್ತದೆ, ಓಡದೆ ನಿಂತರೂ ಹಳತಾಗುತ್ತದೆ. 145 ಪಿಎಸ್ ಎಂಬ ಅಂಕಿಗೆ ಮರುಳಾಗುವ ಮೊದಲು ಬೆಲ್ಟ್ ಯಾವಾಗ ಬದಲಾಯಿತು ಎಂಬ ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ಬದಲಾಗಿಲ್ಲ ಎಂದೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ರಿಮ್ಯಾಪ್ ಆದ ಗಾಡಿ

ಈ ಕಾರುಗಳನ್ನು ಇದ್ದ ಹಾಗೇ ಇಟ್ಟುಕೊಂಡವರು ಕಡಿಮೆ. ಎಂಜಿನ್ನಿನ ಕಂಪ್ಯೂಟರಿಗೆ ಬೇರೆ ಸಾಫ್ಟ್‌ವೇರ್ ಹಾಕಿಸಿ ಟರ್ಬೊ ಒತ್ತಡ ಏರಿಸುವುದಕ್ಕೆ ರಿಮ್ಯಾಪ್ ಎನ್ನುತ್ತಾರೆ. ಇಪ್ಪತ್ತು ಮೂವತ್ತು ಪಿಎಸ್ ಹೆಚ್ಚು ಸಿಗುತ್ತದೆ, ಆದರೆ ಅದು ಬಿಟ್ಟಿ ಬರುವುದಿಲ್ಲ. ಅಷ್ಟೂ ಹೆಚ್ಚುವರಿ ಬಿಸಿ, ಹೆಚ್ಚುವರಿ ಟಾರ್ಕ್ ಪಿಸ್ಟನ್, ಕ್ಲಚ್, ಗೇರ್‌ಬಾಕ್ಸ್ ಮೇಲೆ ಬೀಳುತ್ತದೆ. ಚೆನ್ನಾಗಿ ಮಾಡಿದ, ಮಿತಿಯಲ್ಲಿಟ್ಟ ರಿಮ್ಯಾಪ್ ಇರುವ ಗಾಡಿಯನ್ನು ನಾನು ತಳ್ಳಿಹಾಕುವುದಿಲ್ಲ. ಓನರ್ ಮುಚ್ಚುಮರೆಯಿಲ್ಲದೆ ಹೇಳಿ, ಎಲ್ಲಿ ಮಾಡಿಸಿದ್ದು, ಯಾವ ಪೆಟ್ರೋಲ್ ಹಾಕುತ್ತಿದ್ದೆ, ಕ್ಲಚ್ ಬದಲಿಸಿದ್ದು ಯಾವಾಗ ಎಂದು ದಾಖಲೆ ಕೊಟ್ಟರೆ ಮಾತಾಡಬಹುದು. ಭಯ ಇರುವುದು ಮಾರುವ ಮುಂಚೆ ಸದ್ದಿಲ್ಲದೆ ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕಿಸಿ 'ಸ್ಟಾಕ್ ಗಾಡಿ' ಎನ್ನುವವರದು.

ಅದನ್ನು ಪತ್ತೆ ಮಾಡಲು ಒಂದೆರಡು ದಾರಿಗಳಿವೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಕಂಪ್ಯೂಟರಿಗೆ ಹೊರಗಿನವರು ಕೈ ಹಾಕಿದ್ದು ಬಹಳ ಸಲ ತಿಳಿಯುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ವ್ಯವಸ್ಥೆಯಲ್ಲಿ ಅಂಥ ಗಾಡಿಗೆ ಟಿಡಿ1 ಎಂಬ ಗುರುತು ಬೀಳುತ್ತದೆ. ಇನ್ನೊಂದು, ನೀವೇ ಒಯ್ಯಬಹುದಾದ, ಎಂಜಿನ್ನಿನ ಕಂಪ್ಯೂಟರನ್ನು ಓದುವ ಸಣ್ಣ ಓಬಿಡಿ ಸ್ಕ್ಯಾನರ್. ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ, ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಮೊಬೈಲಿನಲ್ಲಿ ಓದಬಹುದು. ಎರರ್ ಕೋಡ್ ಇದೆಯೇ ಎಂದಷ್ಟೇ ನೋಡಿ ಸುಮ್ಮನಾಗಬೇಡಿ. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಸಾಲು ಒಂದಿರುತ್ತದೆ. ಅಲ್ಲಿ ಐದೋ ಆರೋ ಕಿಲೋಮೀಟರ್ ಕಂಡರೆ, ನೀವು ಬರುವ ಮುಂಚೆ ಯಾರೋ ಎಲ್ಲವನ್ನೂ ಒರೆಸಿದ್ದಾರೆ. ರೆಡಿನೆಸ್ ಎಂಬ ಪಟ್ಟಿಯಲ್ಲಿ ಹಲವು ಪರೀಕ್ಷೆಗಳು 'ಪೂರ್ಣವಾಗಿಲ್ಲ' ಎಂದು ತೋರಿಸಿದರೂ ಅದೇ ಅರ್ಥ. ಒಂದು ವಾರ ಬಿಟ್ಟು ಬರುತ್ತೇನೆ, ಗಾಡಿ ಓಡುತ್ತಿರಲಿ ಎಂದು ಹೇಳಿ ಬನ್ನಿ.

ಕಾನೂನಿನ ಮಾತೂ ಇಲ್ಲೇ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಗುಡುಗುವ ಸೈಲೆನ್ಸರ್, ಹೊರಗೆ ಚಾಚಿದ ದಪ್ಪ ಟೈರು ಇರುವ ಗಾಡಿ ಕೊಂಡರೆ ದಂಡದ ರಸೀದಿ ಬರುವುದು ನಿಮ್ಮ ಹೆಸರಿಗೆ. ಕ್ಲೇಮ್ ಸಮಯದಲ್ಲಿ ಇನ್ಶೂರೆನ್ಸಿನವರೂ ಅದನ್ನೇ ಹಿಡಿದುಕೊಳ್ಳಬಹುದು.

ಕ್ಲಚ್, ಡಿಎಸ್‌ಜಿ, ಇಳಿಜಾರು

ಪೋಲೊ ಜಿಟಿ ಟಿಎಸ್‌ಐ ಎಂದರೆ ಎರಡು ಬೇರೆ ಬೇರೆ ಕಾರುಗಳು ಎಂದು ಮೊದಲು ತಿಳಿದುಕೊಳ್ಳಬೇಕು. 2013ರಿಂದ ಬಂದ 1.2 ಲೀಟರ್ ಗಾಡಿಯಲ್ಲಿರುವುದು ಡಿಎಸ್‌ಜಿ ಎಂಬ ಏಳು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಎರಡು ಒಣ ಕ್ಲಚ್, ಅವನ್ನು ನಡೆಸಲು ಮೆಕಟ್ರಾನಿಕ್ ಎಂಬ ಆಯಿಲ್ ಮತ್ತು ಕಂಪ್ಯೂಟರ್ ಸೇರಿದ ಘಟಕ. 2020ರಲ್ಲಿ ಬಂದ 1.0 ಲೀಟರ್, 110 ಪಿಎಸ್ ಗಾಡಿಯಲ್ಲಿರುವುದು ಆರು ಗೇರಿನ ಟಾರ್ಕ್ ಕನ್ವರ್ಟರ್, ಅಂದರೆ ಒಣ ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸುವ ಆಟೋಮ್ಯಾಟಿಕ್. ಮೊದಲನೆಯದು ಚುರುಕು, ಎರಡನೆಯದು ಗಟ್ಟಿ. ಮಲೆನಾಡಿನಲ್ಲಿ ಮನೆಮಂದಿಯೆಲ್ಲ ಬಳಸುವ ಒಂದೇ ಕಾರು ಇದಾಗುವುದಾದರೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಒಣ ಕ್ಲಚ್ ಬಿಸಿಯಾಗುವುದು ವೇಗದಲ್ಲಿ ಅಲ್ಲ, ತೆವಳುವಾಗ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಲೇ ಇರುತ್ತದೆ. ನಮ್ಮಲ್ಲಿ ಮನೆಯ ಮುಂದಿನ ಕಡಿದಾದ ಏರಿನಲ್ಲಿ ಹಿಂದೆ ಮುಂದೆ ಮಾಡುವಾಗ, ಜಾತ್ರೆಯ ದಿನ ಘಾಟಿಯಲ್ಲಿ ಸಾಲು ನಿಂತಾಗ ಅದೇ ಆಗುತ್ತದೆ. ಹಾಗಾಗಿ ಪರೀಕ್ಷೆಯೂ ತೆವಳಿಯೇ ಆಗಬೇಕು. ಗಾಡಿ ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಒಂದು ಏರಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮುಟ್ಟಿ ಮುಟ್ಟದ ಹಾಗೆ ಮುಂದೆ ಹೋಗಲು ಬಿಡಿ. ಗಾಡಿ ಗಡಗಡ ನಡುಗಿದರೆ ಕ್ಲಚ್ ಸವೆದಿದೆ. ಮತ್ತೆ ರಿವರ್ಸಿನಲ್ಲಿ ಅದೇ ಏರು ಹತ್ತಿಸಿ. ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಬರುವಾಗ ಹೊಡೆತ ಬರುತ್ತದೆಯೇ, ಮೀಟರಿನಲ್ಲಿ ಗೇರಿನ ಅಕ್ಷರ ಮಿನುಗುತ್ತದೆಯೇ ನೋಡಿ. ಮೆಕಟ್ರಾನಿಕ್ ಹೋದರೆ ಲೆಕ್ಕ ಲಕ್ಷದಲ್ಲಿ ಆಗುತ್ತದೆ. ಬದಲಿಸಿದ ಬಿಲ್ಲು ಇರುವ ಗಾಡಿ ಸಿಕ್ಕರೆ ಅದನ್ನು ದೋಷ ಎನ್ನಬೇಡಿ, ಲಾಭ ಎನ್ನಿ. ಐ20 ಟರ್ಬೊದ ಡಿಸಿಟಿ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸೂ ಒಣ ಕ್ಲಚ್ ಜಾತಿಯದೇ, ಪರೀಕ್ಷೆ ಇದೇ.

ಮ್ಯಾನ್ಯುಯಲ್ ಗಾಡಿಗೆ ಕೆಲಸ ಸುಲಭ. ಏರಿನಲ್ಲಿ ನಾಲ್ಕನೇ ಗೇರಿಗೆ ಹಾಕಿ, 2,000 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಟರ್ಬೊ ಎಳೆತ ಶುರುವಾದ ಕೂಡಲೇ ಆರ್‌ಪಿಎಂ ಮುಳ್ಳು ಮೇಲೆ ಹಾರಿ ವೇಗ ಅಲ್ಲೇ ನಿಂತರೆ ಕ್ಲಚ್ ಸ್ಲಿಪ್ ಆಗುತ್ತಿದೆ. ರಿಮ್ಯಾಪ್ ಆದ ಗಾಡಿಗಳು ಬಹುಮಟ್ಟಿಗೆ ಇಲ್ಲೇ ಸಿಕ್ಕಿಬೀಳುತ್ತವೆ.

ಇಳಿಜಾರಿನಲ್ಲೂ ಒಂದು ಪರೀಕ್ಷೆ ಇದೆ. ಎರಡನೇ ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಎಂಜಿನ್ ಬ್ರೇಕಿಂಗಿನಲ್ಲೇ ಒಂದಷ್ಟು ದೂರ ಇಳಿಯಿರಿ. ಕೆಳಗೆ ಸಮತಟ್ಟು ಬಂದಾಗ ಒಮ್ಮೆಲೇ ಒತ್ತಿ, ಕನ್ನಡಿಯಲ್ಲಿ ಹಿಂದೆ ನೋಡಿ. ಇಳಿಯುವಾಗ ಎಂಜಿನ್ ಒಳಗೆ ನಿರ್ವಾತ ಹೆಚ್ಚುವುದರಿಂದ ಸೋರುವ ಸೀಲುಗಳಿಂದ ಆಯಿಲ್ ಒಳಗೆ ಎಳೆದುಕೊಂಡಿರುತ್ತದೆ, ಒತ್ತಿದಾಗ ಅದೆಲ್ಲ ನೀಲಿ ಹೊಗೆಯಾಗಿ ಹೊರಬರುತ್ತದೆ. ಶಿವಮೊಗ್ಗ ಪೇಟೆಯೊಳಗೆ ಎಷ್ಟು ಸುತ್ತಿದರೂ ಇದು ಕಾಣುವುದಿಲ್ಲ. ತೀರ್ಥಹಳ್ಳಿ ರಸ್ತೆಯಲ್ಲೋ ಸಾಗರ ರಸ್ತೆಯಲ್ಲೋ ಏರಿಳಿತ ಸಿಗುವ ತನಕ ಓಡಿಸಲು ಬಿಡದ ಓನರ್ ಹತ್ತಿರ ವ್ಯಾಪಾರ ಬೇಡ.

ಡೀಸೆಲ್ ಪ್ರಿಯರಿಗೆ ಚುಟುಕಾಗಿ: ಪೋಲೊ ಜಿಟಿ ಟಿಡಿಐ, ಫಿಗೊ 1.5 ಎರಡೂ ಘಾಟಿಗೆ ಅದ್ಭುತ. ಎಂಜಿನ್ ಆಫ್ ಮಾಡುವಾಗ ಗೇರ್‌ಬಾಕ್ಸ್ ಕಡೆಯಿಂದ ಲಟಲಟ ಸದ್ದು ಬಂದರೆ ಫ್ಲೈವೀಲ್ ನೋಡಿಸಿ. ಪೂರ್ತಿ ಒತ್ತಿದಾಗ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರ್, ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್, ಇಲ್ಲವೇ ಎಲ್ಲೋ ಒಡೆದ ಟರ್ಬೊ ಪೈಪು. ಫೋಕ್ಸ್‌ವ್ಯಾಗನ್ ಗುಂಪು 2015ರ ಡಿಸೆಂಬರಿನಲ್ಲಿ ಹೊಗೆ ಪರೀಕ್ಷೆಯ ಹಗರಣದ ಹಿನ್ನೆಲೆಯಲ್ಲಿ ಭಾರತದಲ್ಲಿ 3,23,700 ಡೀಸೆಲ್ ಕಾರುಗಳನ್ನು ಹಿಂದಕ್ಕೆ ಕರೆಸುವುದಾಗಿ ಹೇಳಿತ್ತು. ಆ ಕಾಲದ ಗಾಡಿಯಾದರೆ ಸಾಫ್ಟ್‌ವೇರ್ ಕೆಲಸ ಆಗಿದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಬ್ರೇಕು

ಕೊಳ್ಳುವವರು ಪಿಕಪ್ ನೋಡುತ್ತಾರೆ, ಬ್ರೇಕ್ ನೋಡುವುದಿಲ್ಲ. ನನಗೆ ಅತ್ಯಂತ ಕಳವಳ ಹುಟ್ಟಿಸುವ ಸಂಗತಿ ಇದೇ. ಇನ್ನೂರು ಕಿಲೋಮೀಟರ್ ದಾಟಬಲ್ಲೆ ಎನ್ನುವ ಗಾಡಿ ಬಾಳೆಬರೆ ಘಾಟಿಯಲ್ಲಿ ಇಳಿಯುವಾಗ ನಿಲ್ಲದಿದ್ದರೆ ಆ ಶಕ್ತಿ ಇಟ್ಟುಕೊಂಡು ಏನು ಮಾಡುವುದು?

ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೀರಿದಷ್ಟೂ ಅದು ಕುದಿಯುವ ಉಷ್ಣತೆ ಇಳಿಯುತ್ತದೆ. ಹೊಸದಾಗಿದ್ದಾಗ 230 ಡಿಗ್ರಿವರೆಗೂ ಕುದಿಯದ ಡಾಟ್-4 ದ್ರವ, ನೀರು ಸೇರಿದ ಮೇಲೆ 155 ಡಿಗ್ರಿಗೇ ಕುದಿಯಲು ಶುರುವಾಗಬಹುದು. ಘಾಟಿ ಇಳಿಯುವಾಗ ಪ್ಯಾಡು, ಡಿಸ್ಕು ಕಾದು ಆ ಬಿಸಿ ಒಳಕ್ಕೆ ಹತ್ತಿದಾಗ ದ್ರವದಲ್ಲಿ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ದ್ರವ ಕುಗ್ಗುವುದಿಲ್ಲ. ಆಗ ಪೆಡಲ್ ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಜೂನಿನಿಂದ ಅಕ್ಟೋಬರ್ ತನಕ ಗಾಳಿಯೇ ಒದ್ದೆಯಾಗಿರುವ ನಮ್ಮ ಕಡೆ ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಲೇಬೇಕು. ಬಹಳ ಗಾಡಿಗಳಲ್ಲಿ ಕೊಂಡ ದಿನದಿಂದ ಬದಲಾಗಿರುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡಿ: ತಿಳಿ ಹಳದಿ ಬಣ್ಣವಿದ್ದರೆ ಸರಿ, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಹಳೆಯದು.

ಪೆಡಲ್ ಒತ್ತುವ ಕಾಲಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿನ ಪರೀಕ್ಷೆಗೆ ಯಾವ ಸಾಮಾನೂ ಬೇಡ. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಅದು ಗಟ್ಟಿಯಾಗುತ್ತದೆ. ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪಾದದ ಕೆಳಗೆ ಪೆಡಲ್ ಒಂದಿಷ್ಟು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಅಥವಾ ಅದಕ್ಕೆ ನಿರ್ವಾತ ಕೊಡುವ ಪಂಪಿನಲ್ಲಿ ತೊಂದರೆಯಿದೆ. ಬಲೆನೊ ಆರ್‌ಎಸ್ ನೋಡುವವರು ಇದನ್ನು ಬಿಡಲೇಬಾರದು. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನಲ್ಲಿ ದೋಷವಿರಬಹುದೆಂದು ಮಾರುತಿ 2023ರ ಏಪ್ರಿಲಿನಲ್ಲಿ 7,213 ಬಲೆನೊ ಆರ್‌ಎಸ್ ಕಾರುಗಳನ್ನು ಹಿಂದಕ್ಕೆ ಕರೆಸಿತ್ತು. ನೀವು ನೋಡುತ್ತಿರುವ ಗಾಡಿಯ ಚಾಸಿ ನಂಬರ್ ಕೊಟ್ಟರೆ ಆ ಕೆಲಸ ಆಗಿದೆಯೋ ಇಲ್ಲವೋ ಸರ್ವಿಸ್ ಸೆಂಟರಿನವರು ಹೇಳುತ್ತಾರೆ.

ಮಳೆ ಹೊಕ್ಕ ಜಾಗಗಳು

ನಂಬರ್ ಪ್ಲೇಟೇ ಅರ್ಧ ಕಥೆ ಹೇಳುತ್ತದೆ. ಕೆಎ-20 ಉಡುಪಿ, ಕೆಎ-19 ಮಂಗಳೂರು ಗಾಡಿಯಾದರೆ ಸಮುದ್ರದ ಉಪ್ಪುಗಾಳಿ ತಿಂದಿರುತ್ತದೆ. ಕೆಳಗೆ ಮಲಗಿ ಸೈಲೆನ್ಸರ್ ಹಿಡಿಕೆ, ಬ್ರೇಕ್ ಪೈಪು, ಸಸ್ಪೆನ್ಷನ್ ಕೂರುವ ಜಾಗಗಳಲ್ಲಿ ತುಕ್ಕು ಹುಡುಕಿ. ಬೆಂಗಳೂರಿನ ಗಾಡಿಗೆ ಬಾಡಿ ಚೆನ್ನಾಗಿರುತ್ತದೆ, ಕ್ಲಚ್ ದಣಿದಿರುತ್ತದೆ. ಕೆಎ-16 ಚಿತ್ರದುರ್ಗ, ಕೆಎ-17 ದಾವಣಗೆರೆ, ಕೆಎ-25 ಧಾರವಾಡದ ಕಡೆ ಹೆದ್ದಾರಿಯಲ್ಲೇ ಓಡಿದ ಬಯಲುಸೀಮೆ ಗಾಡಿ ಸಿಕ್ಕರೆ, ಮೀಟರ್ ಎಂಬತ್ತು ಸಾವಿರ ತೋರಿಸಿದರೂ ನಾನು ಮೊದಲು ಅದನ್ನೇ ನೋಡುತ್ತೇನೆ. ನಮ್ಮದೇ ಕೆಎ-14, ಕೆಎ-15ರ 'ಇಪ್ಪತ್ತೇ ಸಾವಿರ ಓಡಿದೆ' ಎಂಬ ಗಾಡಿ ಐದು ಮಳೆಗಾಲ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತಿದ್ದರೆ, ಕಡಿಮೆ ಓಡಿದ್ದೇ ಅದಕ್ಕೆ ಶಾಪ. ಹಿಂದಿನ ಬ್ರೇಕು ಹಿಡಿದುಕೊಂಡಿರುತ್ತದೆ, ರಬ್ಬರ್ ಬುಶ್ ಸೀಳಿರುತ್ತದೆ, ಇಲಿ ಸಂಸಾರ ಹೂಡಿರುತ್ತದೆ.

ಇಲಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟರ್ಬೊ ಎಂಜಿನ್ನಿಗೆ ಸೆನ್ಸರ್ ಹೆಚ್ಚು, ವೈರೂ ಹೆಚ್ಚು. ಎಂಜಿನ್ ಕವರ್ ಎತ್ತಿ ನೋಡಿ, ಒಣ ಎಲೆ, ಹತ್ತಿ, ಹಿಕ್ಕೆ ಇದೆಯೇ? ವೈರಿಗೆ ಕಪ್ಪು ಟೇಪ್ ಸುತ್ತಿದ ಕಡೆಯೆಲ್ಲ ಕಂಪನಿ ಸುತ್ತಿದ್ದೋ, ಆಮೇಲೆ ಸುತ್ತಿದ್ದೋ ಗಮನಿಸಿ. ಆಮೇಲಿನ ಟೇಪ್ ಹೊಳೆಯುತ್ತದೆ, ತುದಿ ಬಿಟ್ಟುಕೊಂಡಿರುತ್ತದೆ.

ಈಗ ಡಿಕ್ಕಿ ತೆಗೆಯಿರಿ. ಮ್ಯಾಟ್ ಎತ್ತಿ, ಸ್ಟೆಪ್ನಿ ಹೊರಗೆ ತೆಗೆದಿಡಿ. ಆ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಗಾಡಿಯ ಜಾತಕ ಕಾಣುತ್ತದೆ. ತಳದಲ್ಲಿ ನೀರು ನಿಂತ ಉಂಗುರದ ಗುರುತು, ಜಾಕಿನ ಮೇಲೆ ತುಕ್ಕಿನ ಪುಡಿ, ಕಾರ್ಪೆಟ್ ಅಡಿಯಲ್ಲಿ ಬೂಷ್ಟು ವಾಸನೆ ಇದ್ದರೆ ಹಿಂದಿನ ಬಾಗಿಲಿನ ರಬ್ಬರೋ ದೀಪದ ಸೀಲೋ ನೀರು ಬಿಡುತ್ತಿದೆ. ಗುಂಡಿಯ ತಗಡು ಸುಕ್ಕುಗಟ್ಟಿದ್ದರೆ ಹಿಂದಿನಿಂದ ಗುದ್ದಿಸಿಕೊಂಡ ಗಾಡಿ. ತಗಡಿನ ಜೋಡಣೆಗೆ ಕಂಪನಿ ಹಚ್ಚಿದ ಸೀಲೆಂಟ್ ಒಂದೇ ದಪ್ಪದಲ್ಲಿ ನೆಟ್ಟಗೆ ಹೋಗಿರುತ್ತದೆ. ಟಿಂಕರಿಂಗ್ ಆದ ಮೇಲೆ ಬೆರಳಿನಲ್ಲಿ ಬಳಿದದ್ದು ಉಬ್ಬು ತಗ್ಗಾಗಿ ಕಾಣುತ್ತದೆ. ಮೂಲೆಯಲ್ಲಿ ಅಡಿಕೆ ಸಿಪ್ಪೆಯ ನಾರು ಸಿಕ್ಕರೆ, ಹಿಂದಿನ ಸೀಟು ಮಡಚಿ ಮೂಟೆ ಹೇರಿದ್ದಾರೆ ಎಂದರ್ಥ. ಹಿಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇನ್ನೊಮ್ಮೆ ನೋಡಿ.

ಸೀಟ್ ಬೆಲ್ಟನ್ನು ಪೂರ್ತಿ ಕೊನೆಯ ತನಕ ಎಳೆಯಿರಿ. ಹೊಳೆ ಉಕ್ಕಿ ನೀರು ನುಗ್ಗಿದ ಗಾಡಿಯನ್ನು ಎಷ್ಟೇ ತೊಳೆದಿದ್ದರೂ ಬೆಲ್ಟಿನ ಒಳತುದಿಯಲ್ಲಿ ಕೆಂಪು ಮಣ್ಣಿನ ಗೆರೆ ಉಳಿದಿರುತ್ತದೆ.

ಮುಂದಿನ ಬಂಪರಿಗೆ ಪೇಂಟ್ ಆಗಿದ್ದರೆ ಗಾಬರಿ ಬೇಡ. ದನ ಅಡ್ಡ ಬಂತು, ಕಾಡುಹಂದಿ ನುಗ್ಗಿತು ಎಂಬುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಬಂಪರ್ ಹಿಂದಿನ ಬೀಮ್, ರೇಡಿಯೇಟರ್ ಕೂರುವ ಚೌಕಟ್ಟು, ಎರಡೂ ಬದಿಯ ಏಪ್ರನ್ (ಎಂಜಿನ್ ಅಕ್ಕಪಕ್ಕದ ಒಳ ತಗಡು) ನೇರವಾಗಿದೆಯೇ ಎಂಬುದು ಮುಖ್ಯ. ಬೋನೆಟ್ ಮತ್ತು ಫೆಂಡರ್ ಬೋಲ್ಟುಗಳ ಮೂಲೆಯಲ್ಲಿ ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ. ಇಂಟರ್‌ಕೂಲರ್ ಬಂಪರ್ ಹಿಂದೆಯೇ ಇರುವ ಗಾಡಿಗಳಲ್ಲಿ ಅದರ ರೆಕ್ಕೆಗಳು ಜಜ್ಜಿವೆಯೇ ನೋಡಿ.

ರ್ಯಾಲಿ, ಆಟೋಕ್ರಾಸ್ ಹುಚ್ಚು ಮಲೆನಾಡಿಗೆ ಮೊದಲಿನಿಂದಲೂ ಇದೆ. ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ರ್ಯಾಲಿ ನೋಡಿ ಬೆಳೆದವರು ಬಹಳ. ಅದು ನಮ್ಮ ಹೆಮ್ಮೆ, ಆದರೆ ಅಂಥ ಗಾಡಿ ಗೊತ್ತಿಲ್ಲದೆ ಕೊಳ್ಳುವುದು ಬೇರೆ. ಕಾರ್ಪೆಟ್ ಸರಿಸಿ ನೆಲದಲ್ಲಿ ರೋಲ್ ಕೇಜ್ (ಗಾಡಿ ಮಗುಚಿದರೆ ಕಾಯುವ ಕಬ್ಬಿಣದ ಚೌಕಟ್ಟು) ಕೂರಿಸಿದ ತೂತುಗಳನ್ನು ಮುಚ್ಚಿದ ಗುರುತು ಹುಡುಕಿ. ಎಂಜಿನ್ ಕೆಳಗಿನ ಕ್ರಾಸ್ ಮೆಂಬರ್ ಮೇಲೆ ಕಲ್ಲು ಹೊಡೆದ ಗಾಯಗಳು ಮಾಮೂಲಿಗಿಂತ ಹೆಚ್ಚಿದ್ದರೂ ಅನುಮಾನಿಸಬೇಕು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ. ಪಟ್ಟೆ ಚೆನ್ನಾಗಿದ್ದರೂ ಆರೇಳು ವರ್ಷದ ರಬ್ಬರ್ ಗಟ್ಟಿಯಾಗಿರುತ್ತದೆ, ಒದ್ದೆ ಘಾಟಿಯಲ್ಲಿ ಹಿಡಿಯುವುದಿಲ್ಲ. ಒಳಗಡೆ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆ, ಇಲ್ಲವೇ ಗಾಡಿ ತಗ್ಗಿಸಿದ್ದಾರೆ. ತಗ್ಗಿಸಿದ ಗಾಡಿ ತೋಟದ ಮಣ್ಣು ರಸ್ತೆಯಲ್ಲಿ ಹೊಟ್ಟೆ ಉಜ್ಜುತ್ತದೆ, ನಮಗೆ ಬೇಡ.

ಕಾಗದ ಪತ್ರ

ಆರ್‌ಸಿಯಲ್ಲಿನ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲಿರುವುದಕ್ಕೆ ತಾಳೆ ಹಾಕಿ. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ವರ್ಗಾವಣೆಗೆ ಫಾರ್ಮ್ 29 ಮತ್ತು 30, ಬೇರೆ ರಾಜ್ಯದಿಂದ ಬಂದದ್ದಕ್ಕೆ ಫಾರ್ಮ್ 28 ಬೇಕು. ಬಾಕಿ ಇರುವ ದಂಡಗಳನ್ನು ಹಣ ಕೊಡುವ ಮೊದಲೇ ಆನ್‌ಲೈನಿನಲ್ಲಿ ನೋಡಿ. ಮೀಟರ್ ತಿರುಗಿಸಿದ್ದಾರೆಯೇ ಎಂದು ತಿಳಿಯಲು ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ವರ್ಷ ವರ್ಷದ ಕಿಲೋಮೀಟರ್ ಜೋಡಿಸಿ ನೋಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕೊನೆಯ ಎರಡು ಮೂರು ವರ್ಷ ದಾಖಲೆಯೇ ಇಲ್ಲ, ಮೀಟರ್ ಮಾತ್ರ ನಿಧಾನ ಓಡಿದೆ ಎಂದಾದರೆ ಅನುಮಾನ ಪಡಲೇಬೇಕು.

ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಬಿದ್ದ ನಿರ್ಬಂಧದಿಂದಾಗಿ ಅಲ್ಲಿಂದ ಅಗ್ಗದ ಜಿಟಿ ಟಿಡಿಐಗಳು ದಕ್ಷಿಣಕ್ಕೆ ಬಂದಿವೆ. ಬೆಲೆ ನೋಡಿ ಬೆರಗಾಗುವ ಮೊದಲು ಕರ್ನಾಟಕದ ಜೀವಿತಾವಧಿ ತೆರಿಗೆ, ಮರುನೋಂದಣಿ, ಎನ್‌ಒಸಿ ಓಡಾಟ ಕೂಡಿಸಿ. ಬಹಳ ಸಲ ಆ ಅಗ್ಗ ಅಲ್ಲೇ ಕರಗುತ್ತದೆ.

ಇನ್ನು ಬಿಡಿಭಾಗ. ಕಂಪನಿ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸಿದರೂ ಫೋರ್ಡಿನ ಆಯಿಲ್ ಫಿಲ್ಟರ್, ಬ್ರೇಕ್ ಪ್ಯಾಡ್ ಸಿಗುತ್ತವೆ. ಬಲೆನೊ ಆರ್‌ಎಸ್ಸಿನ ಬೂಸ್ಟರ್‌ಜೆಟ್ ಎಂಜಿನ್ ಜಪಾನಿನಿಂದ ಬಂದದ್ದು, ಅಬಾರ್ತ್ ಮಾರಾಟವಾದದ್ದೇ ಕಡಿಮೆ. ಇಂಥವಕ್ಕೆ ಒಂದು ಸೆನ್ಸರಿಗೂ ಕಾಯಬೇಕಾಗಬಹುದು. ಗಾಡಿ ಮೆಚ್ಚಿಕೊಳ್ಳುವ ಮೊದಲು ನಿಮ್ಮೂರಿನ ಮೆಕ್ಯಾನಿಕ್ ಹತ್ತಿರ ಹೋಗಿ, 'ಅಣ್ಣ, ಈ ಗಾಡಿ ಬಂದ್ರೆ ಕೈ ಹಾಕ್ತೀರಾ?' ಎಂದು ಕೇಳಿ. ಅವರು ತಲೆ ಅಲ್ಲಾಡಿಸಿದರೆ ಪ್ರತಿ ಸಲ ಹುಬ್ಬಳ್ಳಿಗೋ ಮಂಗಳೂರಿಗೋ ಒಯ್ಯಲು ನೀವು ತಯಾರಿರಬೇಕು.

ವ್ಯಾಪಾರ ಕುದುರಿದ ಮೇಲೆ ಇನ್ಶೂರೆನ್ಸ್ ವರ್ಗಾವಣೆಗೆ ಹದಿನಾಲ್ಕು ದಿನದೊಳಗೆ ಅರ್ಜಿ ಹಾಕಿ. ನೋ ಕ್ಲೇಮ್ ಬೋನಸ್ ಹಳೆಯ ಓನರಿಗೆ ಸೇರಿದ್ದು, ಗಾಡಿಯ ಜೊತೆ ಬರುವುದಿಲ್ಲ. ಪಾಲಿಸಿ ಅವರ ಹೆಸರಿನಲ್ಲೇ ಉಳಿದಾಗ ಮರ ಬಿದ್ದು ಗಾಡಿ ಜಖಂ ಆದರೆ ನಿಮಗೆ ಕ್ಲೇಮ್ ಸಿಗದೆ ಹೋಗಬಹುದು. ಬೆಲೆ ಮಾತಾಡುವಾಗಲೇ ಕೈಯಲ್ಲಿ ಒಂದಿಷ್ಟು ದುಡ್ಡು ಬೇರೆ ಎತ್ತಿಡಿ. ಎಂಜಿನ್ ಆಯಿಲ್, ಎಲ್ಲ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕೂಲೆಂಟ್, ಬ್ರೇಕ್ ದ್ರವ ಇಷ್ಟನ್ನೂ ಹಿಂದಿನವರು ಏನೇ ಹೇಳಿರಲಿ ಮೊದಲ ವಾರದಲ್ಲೇ ಬದಲಿಸಿ. ಟೈರು ಹಳೆಯದಾಗಿದ್ದರೆ ಅದನ್ನೂ ಮೇ ತಿಂಗಳು ಮುಗಿಯುವುದರೊಳಗೆ ಹಾಕಿಸಿಬಿಡಿ, ಜೂನ್ ಬಂದ ಮೇಲೆ ಅಂಗಡಿಯಲ್ಲಿ ಸಾಲು ನಿಲ್ಲಬೇಕಾಗುತ್ತದೆ.